ಉಬ್ಬರದ ಲೆಕ್ಕ, ಹಕ್ಕಿಗಳ ಹಾಜರಿ: ಕರಾವಳಿಯ ಅಳಿವೆಗಳಲ್ಲಿ ವಲಸೆ ಹಕ್ಕಿ ವೀಕ್ಷಣೆ

ಚೌತಿ ಕಳೆದು ಮಳೆಯ ಅಬ್ಬರ ಇಳಿಯುವ ಹೊತ್ತಿಗೆ ಕರ್ನಾಟಕದ ಕರಾವಳಿಗೆ ಉತ್ತರದ ನಾಡುಗಳಿಂದ ಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಕಾರವಾರದ ಮಾಜಾಳಿಯಿಂದ ಮಂಗಳೂರಿನ ತಲಪಾಡಿಯವರೆಗಿನ ಸುಮಾರು 320 ಕಿ.ಮೀ. ತೀರದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ ಮುಂತಾದ ನದಿಗಳು ಕಡಲು ಸೇರುತ್ತವೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಈ ಅಳಿವೆಗಳೇ ವಲಸೆ ಹಕ್ಕಿಗಳ ಮುಖ್ಯ ಬೀಡು. ಚಳಿಗಾಲವಿಡೀ ಹಕ್ಕಿಗಳು ಇಲ್ಲಿರುತ್ತವೆ ನಿಜ. ಆದರೆ ಸೆಪ್ಟೆಂಬರಿನಿಂದ ನವೆಂಬರ್‌ವರೆಗಿನ ಶರತ್ಕಾಲದಲ್ಲಿ ಇಲ್ಲೇ ನೆಲೆಸಲು ಬಂದವುಗಳ ಜೊತೆಗೆ ಕೆಲವೇ ದಿನ ತಂಗಿ ಮುಂದಕ್ಕೆ ಹೋಗುವವೂ ಕಾಣಸಿಗುತ್ತವೆ. ಕೆರೆಯ ಹಕ್ಕಿಗಳನ್ನು ನೋಡಲು ಬೆಳಗ್ಗೆ ಬೇಗ ಎದ್ದರೆ ಸಾಕು. ಅಳಿವೆಯಲ್ಲಿ ಅಷ್ಟು ಸಾಲದು. ಯಾವ ಹೊತ್ತಿನಲ್ಲಿ ಹಕ್ಕಿ ಎಲ್ಲಿರಬೇಕು ಎಂಬುದನ್ನು ಅಲ್ಲಿ ನೀರಿನ ಏರಿಳಿತ ತೀರ್ಮಾನಿಸುತ್ತದೆ. ಆದ್ದರಿಂದ ಅಳಿವೆಯ ಹಕ್ಕಿ ವೀಕ್ಷಣೆಯಲ್ಲಿ ಮೊದಲು ಕಲಿಯಬೇಕಾದದ್ದು ಉಬ್ಬರ–ಇಳಿತದ ಲೆಕ್ಕ. ಹಕ್ಕಿಗಳ ಹೆಸರು ಆಮೇಲೆ.

ಎಲ್ಲಿಂದ ಬರುತ್ತವೆ, ಏಕೆ ಬರುತ್ತವೆ

ಆರ್ಕ್ಟಿಕ್ ತೀರದಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳ ಮೇಲೆ ಹಾದುಹೋಗುವ ವಲಸೆಯ ಮಾರ್ಗಕ್ಕೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು. ಭಾರತ ಈ ದಾರಿಯ ದಕ್ಷಿಣದ ತುದಿಯ ಸಮೀಪದಲ್ಲಿದೆ. ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಉತ್ತರದ ಬಯಲುಗಳಲ್ಲಿ ಹುಳುಹುಪ್ಪಟೆ ಹೇರಳ, ಹಗಲೂ ದೀರ್ಘ. ಮೊಟ್ಟೆಯಿಟ್ಟು ಮರಿ ಮಾಡಲು ಅದು ತಕ್ಕ ಕಾಲ. ಆ ಕಾಲ ಮುಗಿದರೆ ನೆಲ ಹೆಪ್ಪುಗಟ್ಟಿ ಆಹಾರ ಮಾಯವಾಗುತ್ತದೆ. ಹಾಗಾಗಿ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ.

ಕರ್ಲ್ಯೂ ಸ್ಯಾಂಡ್‌ಪೈಪರ್ ಗೂಡು ಕಟ್ಟುವುದು ಸೈಬೀರಿಯಾದ ಆರ್ಕ್ಟಿಕ್ ಬಯಲಿನಲ್ಲಿ. ಲಿಟ್ಲ್ ಸ್ಟಿಂಟ್ ಕೂಡ ಆ ಕಡೆಯದೇ; ಇದರ ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ ಮಾತ್ರ. ಕರಾವಳಿಯ ಮರಳಿನಲ್ಲಿ ಅತಿ ಹೆಚ್ಚು ಕಾಣುವ ಸಣ್ಣ ಸ್ಯಾಂಡ್ ಪ್ಲವರ್‌ಗಳದು ಇನ್ನೊಂದು ಕಥೆ. ಹಿಂದೆ ಲೆಸರ್ ಸ್ಯಾಂಡ್ ಪ್ಲವರ್ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಹಕ್ಕಿಯನ್ನು ಈಚೆಗೆ ಸೈಬೀರಿಯನ್ ಮತ್ತು ಟಿಬೆಟನ್ ಎಂಬ ಎರಡು ಪ್ರಭೇದಗಳಾಗಿ ವಿಂಗಡಿಸಲಾಗಿದೆ. ಪಶ್ಚಿಮ ಕರಾವಳಿಗೆ ಬರುವುದು ಟಿಬೆಟನ್ ಸ್ಯಾಂಡ್ ಪ್ಲವರ್. ಲಡಾಖ್, ಟಿಬೆಟ್‌ಗಳ ಎತ್ತರದ ಬಯಲುಗಳಲ್ಲಿ ಮರಿ ಮಾಡುವ ಈ ಹಕ್ಕಿ ವರ್ಷದ ಹೆಚ್ಚು ಪಾಲನ್ನು ಸಮುದ್ರಮಟ್ಟದ ಕೆಸರಿನಲ್ಲಿ ಕಳೆಯುತ್ತದೆ.

ಅಳಿವೆ ಇವುಗಳಿಗೆ ಬೇಕಾಗುವುದು ಅಲ್ಲಿನ ಕೆಸರಿಗಾಗಿ. ನದಿ ಹೊತ್ತು ತಂದ ಮೆಕ್ಕಲು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೊಳೆತ ಎಲೆ, ಉಬ್ಬರ ಹೊತ್ತು ತರುವ ಸೂಕ್ಷ್ಮಜೀವಿಗಳು ಸೇರಿ ಕೆಸರುಬಯಲಿನಲ್ಲಿ ಹುಳು, ಸಣ್ಣ ಏಡಿ, ಎಳೆ ಬೆಳಚು (ಚಿಪ್ಪುಜೀವಿ), ಬಸವನಹುಳುಗಳನ್ನು ಬೆಳೆಸುತ್ತವೆ. ದಿನಕ್ಕೆ ಎರಡು ಸಲ ನೀರು ಇಳಿದು ಈ ಬಯಲು ತೆರೆದುಕೊಳ್ಳುತ್ತದೆ. ದೂರದ ಹಾರಾಟಕ್ಕೆ ಮುನ್ನ ಕೆಲವು ದಡದ ಹಕ್ಕಿಗಳು ತಮ್ಮ ತೂಕದ ಅರ್ಧದಷ್ಟು ಕೊಬ್ಬನ್ನು ಕೂಡಿಡಬಲ್ಲವು. ಆ ಕೊಬ್ಬಿಗೆ ಮೂಲ ಇಂಥ ಕೆಸರುಬಯಲುಗಳೇ.

ತಿಂಗಳವಾರು ಬರುವ ಕ್ರಮ

ಎಲ್ಲ ಹಕ್ಕಿಗಳೂ ಒಟ್ಟಿಗೆ ಬರುವುದಿಲ್ಲ. ಜುಲೈ ಕೊನೆ, ಆಗಸ್ಟ್ ಹೊತ್ತಿಗೇ ಕಾಮನ್ ಸ್ಯಾಂಡ್‌ಪೈಪರ್ ಹೊಳೆಯ ಕಲ್ಲುಗಳ ಮೇಲೆ ಹಿಂಭಾಗ ಕುಣಿಸುತ್ತ ಓಡಾಡತೊಡಗುತ್ತದೆ. ಸ್ಯಾಂಡ್ ಪ್ಲವರ್, ವಿಂಬ್ರೆಲ್‌ಗಳ ಮೊದಲ ಗುಂಪುಗಳೂ ಆಗಸ್ಟ್‌ನಲ್ಲೇ ಬರುತ್ತವೆ. ಮೊದಲು ಬರುವವು ಹೆಚ್ಚಾಗಿ ವಯಸ್ಕ ಹಕ್ಕಿಗಳು. ಸಂತಾನಕಾಲದ ಬಣ್ಣದ ಗರಿಗಳು ಇವುಗಳ ಮೈಮೇಲೆ ಇನ್ನೂ ಉಳಿದಿರುತ್ತವೆ: ಸ್ಯಾಂಡ್ ಪ್ಲವರ್‌ನ ಎದೆಯಲ್ಲಿ ಇಟ್ಟಿಗೆ ಬಣ್ಣದ ಕಲೆ, ಗ್ರೇ ಪ್ಲವರ್‌ನ ಹೊಟ್ಟೆಯಲ್ಲಿ ಕಪ್ಪು ತೇಪೆ, ಕರ್ಲ್ಯೂ ಸ್ಯಾಂಡ್‌ಪೈಪರ್‌ನಲ್ಲಿ ಕೆಂಗಂದು ಛಾಯೆ. ವಾರಗಳು ಕಳೆದಂತೆ ಈ ಗರಿಗಳು ಉದುರಿ ಬೂದು-ಬಿಳಿಯ ಚಳಿಗಾಲದ ಗರಿಗಳು ಬರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಆ ವರ್ಷ ಹುಟ್ಟಿದ ಮರಿಗಳು ಬಂದು ಸೇರುತ್ತವೆ. ಅನೇಕ ಪ್ರಭೇದಗಳಲ್ಲಿ ತಂದೆತಾಯಿ ಮೊದಲೇ ಹೊರಟುಬಿಡುತ್ತವೆ; ಮರಿಗಳು ಹಿಂದೆಂದೂ ಕಾಣದ ದಾರಿಯನ್ನು ತಾವಾಗಿ ಹಿಡಿಯುತ್ತವೆ. ಬೆನ್ನಿನ ಪ್ರತಿ ಗರಿಗೂ ತೆಳು ಬಣ್ಣದ ಅಂಚಿದ್ದು, ಬೆನ್ನೆಲ್ಲ ಮೀನಿನ ಹುರುಪೆಯಂತೆ ಅಚ್ಚುಕಟ್ಟಾಗಿ ಕಂಡರೆ ಅದು ಮರಿಹಕ್ಕಿ. ಸವೆದು ಹರಕಲಾದ ಗರಿಗಳಿದ್ದರೆ ವಯಸ್ಕ. ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಶರತ್ಕಾಲದಲ್ಲಿ ಮಾತ್ರ.

ಇದೇ ಎರಡು ತಿಂಗಳಲ್ಲಿ ಕವಲುತೋಕೆಯ ಬಾರ್ನ್ ಸ್ವಾಲೋಗಳು ತಂತಿಗಳ ಮೇಲೆ ಸಾಲುಗಟ್ಟುತ್ತವೆ, ಬೂದು ಸಿಪಿಲೆಗಳು ಹೊಳೆಯಂಚಿಗೆ ಇಳಿಯುತ್ತವೆ. ಆಫ್ರಿಕಾಕ್ಕೆ ಹೊರಟ ಯುರೋಪಿಯನ್ ರೋಲರ್, ನೀಲಿ ಕೆನ್ನೆಯ ಪತ್ರಂಗ ಮುಂತಾದವು ಅಪರೂಪಕ್ಕೆ ತೀರದ ಬಯಲುಗಳಲ್ಲಿ ಒಂದೆರಡು ದಿನ ತಂಗುವುದುಂಟು.

ಅಕ್ಟೋಬರ್ ನಡುವಿನಿಂದ ಗಲ್‌ಗಳು, ಅಂದರೆ ಜನ ಸೀಗಲ್ ಎನ್ನುವ ಕಡಲ ಹಕ್ಕಿಗಳು, ಸಂಖ್ಯೆಯಲ್ಲಿ ಏರುತ್ತ ನವೆಂಬರ್ ಹೊತ್ತಿಗೆ ಅಳಿವೆಬಾಗಿಲುಗಳಲ್ಲಿ ದೊಡ್ಡ ಹಿಂಡುಗಳಾಗುತ್ತವೆ. ಮೀನು ಹಿಡಿಯುವ ಆಸ್ಪ್ರೇ, ಗದ್ದೆ-ಜೌಗುಗಳ ಮೇಲೆ ತಗ್ಗಿನಲ್ಲಿ ತೇಲುವ ಮಾರ್ಷ್ ಹ್ಯಾರಿಯರ್, ಸೂಜಿಬಾಲ ಮತ್ತು ಗಾರ್ಗೆನಿ ಬಾತುಗಳು ಈ ವೇಳೆಗೆ ಬಂದಿರುತ್ತವೆ. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರಗಳವರೆಗೆ ಅಮುರ್ ಫಾಲ್ಕನ್ ಎಂಬ ಸಣ್ಣ ಬೇಟೆಹಕ್ಕಿ ಪಶ್ಚಿಮ ಕರಾವಳಿಯನ್ನು ದಾಟುತ್ತದೆ. 2013ರಲ್ಲಿ ನಾಗಾಲ್ಯಾಂಡ್‌ನಲ್ಲಿ ಉಪಗ್ರಹ ಟ್ಯಾಗ್ ತೊಡಿಸಿದ ಅಮುರ್ ಫಾಲ್ಕನ್‌ಗಳು ಭಾರತವನ್ನು ಹಾದು, ಅರಬ್ಬಿ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ ಆಫ್ರಿಕಾ ತಲುಪಿದ್ದು ದಾಖಲಾಗಿದೆ.

ಉಬ್ಬರ–ಇಳಿತವನ್ನು ಓದುವ ಬಗೆ

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಇಂದಿನ ಉಬ್ಬರದ ವೇಳೆ ನಾಳೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು; ಅಷ್ಟಮಿಯ ಸುಮಾರಿಗೆ ಕಡಿಮೆ. ಕರ್ನಾಟಕದ ತೀರದಲ್ಲಿ ಉತ್ತರಕ್ಕೆ ಹೋದಂತೆ ಈ ವ್ಯತ್ಯಾಸ ತುಸು ಹಿರಿದಾಗುತ್ತದೆ. ಮಂಗಳೂರಿನಲ್ಲಿ ನೀರು ಒಂದೂವರೆ ಮೀಟರಿಗಿಂತ ಹೆಚ್ಚು ಏರಿಳಿಯುವುದು ಅಪರೂಪ. ಕಾರವಾರದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಅಂಕೆ ಸಣ್ಣದೆನಿಸಿದರೂ ಸಮತಟ್ಟಾದ ಕೆಸರುಬಯಲಿನಲ್ಲಿ ಒಂದು ಮೀಟರ್ ನೀರು ಇಳಿದರೆ ನೂರಾರು ಮೀಟರ್ ಅಗಲದ ನೆಲ ತೆರೆದುಕೊಳ್ಳುತ್ತದೆ.

ಹಕ್ಕಿಗಳ ದಿನಚರಿ ಇದಕ್ಕೆ ಹೊಂದಿಕೊಂಡಿದೆ. ನೀರು ಪೂರ್ತಿ ಇಳಿದಾಗ ಅವು ಬಯಲಿನ ಉದ್ದಗಲಕ್ಕೂ ಚದುರಿ ಮೇಯುತ್ತವೆ. ದಡದಿಂದ ನೋಡಿದರೆ ದೂರದ ಚುಕ್ಕಿಗಳು ಮಾತ್ರ ಕಾಣುತ್ತವೆ. ನೀರು ಏರತೊಡಗಿದಂತೆ ಮೇವಿನ ನೆಲ ಕಿರಿದಾಗುತ್ತ ಹಕ್ಕಿಗಳು ದಡದತ್ತ ಸರಿಯುತ್ತವೆ. ಉಬ್ಬರ ತುದಿಗೇರಿದಾಗ ಮೇಯುವುದು ನಿಲ್ಲುತ್ತದೆ. ಆಗ ಅವು ನೀರು ತಲುಪದ ಮರಳದಿಣ್ಣೆ, ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ, ಖಾಲಿ ಬೆಂಗ್ರೆಯ (ಹೊಳೆ-ಕಡಲುಗಳ ನಡುವಿನ ಮರಳುಪಟ್ಟಿಯ) ತುದಿಗಳಲ್ಲಿ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ನೀರು ಇಳಿಯತೊಡಗಿದ ಕೂಡಲೇ ಮತ್ತೆ ಮೇವಿಗೆ ಇಳಿಯುತ್ತವೆ.

ಆದ್ದರಿಂದ ಒಳ್ಳೆಯ ಹೊತ್ತು ಉಬ್ಬರ ತುದಿಗೇರುವ ಮೊದಲಿನ ಎರಡು ಮೂರು ಗಂಟೆ. ನೋಡುವವರು ಒಂದೆಡೆ ಕದಲದೆ ಕುಳಿತರೆ, ಏರುವ ನೀರೇ ಹಕ್ಕಿಗಳನ್ನು ಹತ್ತಿರಕ್ಕೆ ತರುತ್ತದೆ. ಅದು ತಪ್ಪಿದರೆ ನೀರು ಇಳಿಯತೊಡಗಿದ ಮೊದಲ ಗಂಟೆ, ಎರಡನೆಯ ಗಂಟೆ ಮುಂದಿನ ಆಯ್ಕೆ. ಕರ್ನಾಟಕದ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದಿನ ಉಬ್ಬರ ತುದಿಗೇರುವುದು ಸಾಮಾನ್ಯವಾಗಿ ನಡುಹಗಲಿನ ಸುಮಾರಿಗೆ. ಅಂದರೆ ಆ ದಿನಗಳಲ್ಲೂ ಅವಕ್ಕೆ ಮೊದಲಿನ ಎರಡು ಮೂರು ದಿನಗಳಲ್ಲೂ ಬೆಳಗಿನ ಹೊತ್ತಿಗೆ ಏರುವ ನೀರು ಸಿಗುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ ಬೆಳಗಿನ ಜಾವಕ್ಕೂ ಸಂಜೆಗೂ ಸರಿದು, ನಡುಹಗಲಿನಲ್ಲಿ ಇಳಿತ ಇರುತ್ತದೆ. ಕರಾವಳಿಯ ಮೀನುಗಾರರು ಮತ್ತು ಬೆಳಚು ಆರಿಸುವವರು ತಲೆಮಾರುಗಳಿಂದ ತಿಥಿ ನೋಡಿಯೇ ಹೊಳೆಗಿಳಿಯುತ್ತ ಬಂದಿದ್ದಾರೆ. ಮನೆಯ ಗೋಡೆಯ ಕ್ಯಾಲೆಂಡರ್ ಹಕ್ಕಿ ನೋಡುವವರಿಗೂ ಅಷ್ಟೇ ಉಪಯುಕ್ತ. ನಿಖರ ವೇಳೆ ಬೇಕಿದ್ದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರ ಕೋಷ್ಟಕ, ಹೈದರಾಬಾದಿನ ಸಾಗರ ಮಾಹಿತಿ ಸೇವಾ ಸಂಸ್ಥೆ ಇನ್ಕಾಯಿಸ್‌ನ ಮಾಹಿತಿ ಅಥವಾ ಮೊಬೈಲ್‌ನ ಟೈಡ್ ಆ್ಯಪ್‌ಗಳನ್ನು ನೋಡಬಹುದು. ಈ ವೇಳೆಗಳು ಬಂದರಿಗೆ ಸಂಬಂಧಿಸಿದವು; ಹೊಳೆಯ ಒಳಗೆ ಹೋದಂತೆ ಉಬ್ಬರ ತಡವಾಗಿ ತಲುಪುತ್ತದೆ ಎಂಬುದು ನೆನಪಿರಬೇಕು.

ನೋಡಲು ತಕ್ಕ ಜಾಗಗಳು

ಅಘನಾಶಿನಿ ಅಳಿವೆ ಈ ತೀರದ ಮುಖ್ಯ ತಾಣ. ಶಿರಸಿಯ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಹರಿಯುವ ಈ ನದಿ ಕುಮಟಾ ತಾಲ್ಲೂಕಿನ ತದಡಿ, ಅಘನಾಶಿನಿ ಊರುಗಳ ನಡುವೆ ಕಡಲು ಸೇರುತ್ತದೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿ ಕೆಸರುಬಯಲು, ಬೆಳಚಿನ ಹಾಸು, ಕಾಂಡ್ಲಾ ಕಾಡು, ಗಜನಿ ಗದ್ದೆ ಎಲ್ಲವೂ ಒಂದರ ಪಕ್ಕ ಒಂದಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ಸೀಗಡಿ-ಮೀನುಗಳಿಗೆ ಬಿಡುವ ಗಜನಿಗಳಲ್ಲಿ ವುಡ್ ಸ್ಯಾಂಡ್‌ಪೈಪರ್, ಗೋಲ್ಡನ್ ಪ್ಲವರ್, ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿಗಳು ಕಲೆಯುತ್ತವೆ. ಉಬ್ಬರದ ಹೊತ್ತಿನಲ್ಲಿ ಹೊಳೆಯ ಹಕ್ಕಿಗಳು ಗಜನಿ ಕಟ್ಟೆಗಳಿಗೆ ಬರುವುದರಿಂದ ಕಟ್ಟೆಯಿಂದ ದೂರದಲ್ಲಿ ನಿಂತು ನೋಡಲು ಅನುಕೂಲ.

ಕಾರವಾರದ ಕಾಳಿ ಅಳಿವೆಯಲ್ಲಿ ಕೋಡಿಬಾಗ ಮತ್ತು ಸದಾಶಿವಗಡದ ಬದಿಗಳಿಂದ ಮರಳದಿಣ್ಣೆಗಳು ಕಾಣುತ್ತವೆ. ಗಲ್ ಮತ್ತು ಟರ್ನ್‌ಗಳಿಗೆ ಇದು ಒಳ್ಳೆಯ ಜಾಗ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿ ಕಾಸರಕೋಡು ಬದಿಯ ಮರಳು ತೀರ, ಕುಂದಾಪುರದ ಬಳಿ ಪಂಚಗಂಗಾವಳಿ ಸೇರುವ ಗಂಗೊಳ್ಳಿ, ಸೀತಾ–ಸ್ವರ್ಣಾ ನದಿಗಳು ಕಡಲು ಸೇರುವ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ, ಶಾಂಭವಿ–ನಂದಿನಿಗಳು ಸೇರುವ ಸಸಿಹಿತ್ಲು, ಮಂಗಳೂರಿನಲ್ಲಿ ಫಲ್ಗುಣಿ–ನೇತ್ರಾವತಿಗಳು ಕಡಲು ಸೇರುವಲ್ಲಿನ ಬೆಂಗ್ರೆ ಮತ್ತು ದಕ್ಷಿಣದ ಕೋಟೆಪುರ ಇವೆಲ್ಲ ಒಂದೊಂದು ಬಗೆಯಲ್ಲಿ ಉಪಯುಕ್ತ. ಮಲ್ಪೆ ಮತ್ತು ಇತರ ಮೀನುಗಾರಿಕೆ ಧಕ್ಕೆಗಳಲ್ಲಿ ಗಲ್‌ಗಳನ್ನು ಹತ್ತಿರದಿಂದ ನೋಡಿ ಅಭ್ಯಾಸ ಮಾಡಬಹುದು.

ಹಲವು ಜಾಗಗಳಿಗೆ ಒಂದೊಂದು ಸಲ ಹೋಗುವುದಕ್ಕಿಂತ ಮನೆಗೆ ಹತ್ತಿರದ ಒಂದೇ ಅಳಿವೆಗೆ ಮತ್ತೆ ಮತ್ತೆ ಹೋಗುವುದು ಮೇಲು. ಯಾವ ದಿಣ್ಣೆ ಯಾವ ಮಟ್ಟದ ನೀರಿಗೆ ಮುಳುಗುತ್ತದೆ, ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಸರಿಯುತ್ತವೆ ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ. ಮಳೆಗಾಲದ ಪ್ರವಾಹ ಪ್ರತಿವರ್ಷ ಮರಳದಿಣ್ಣೆಗಳನ್ನು ಬದಲಿಸುವುದರಿಂದ ಹಿಂದಿನ ವರ್ಷದ ನೆನಪನ್ನೇ ನೆಚ್ಚಿಕೊಳ್ಳುವಂತಿಲ್ಲ.

ಗುರುತು ಹಿಡಿಯುವ ಬಗೆ

ದಡದ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಬೂದು-ಕಂದು ಬಣ್ಣದವಾದ್ದರಿಂದ ಬಣ್ಣವೊಂದರಿಂದಲೇ ಗುರುತು ಹಿಡಿಯಲಾಗದು. ಗಾತ್ರ, ಕೊಕ್ಕಿನ ಉದ್ದ ಮತ್ತು ಬಾಗು, ಕಾಲಿನ ಬಣ್ಣ, ಮೇಯುವ ರೀತಿ, ಹಾರುವಾಗ ರೆಕ್ಕೆಯಲ್ಲಿ ಕಾಣುವ ಗೆರೆ, ಕೂಗು, ಈ ಕ್ರಮದಲ್ಲಿ ನೋಡುತ್ತ ಹೋಗಬೇಕು.

ಮೇಯುವ ರೀತಿಯಲ್ಲೇ ಎರಡು ದೊಡ್ಡ ಗುಂಪುಗಳಿವೆ. ಪ್ಲವರ್‌ಗಳದು ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅವು ಕೆಲವು ಹೆಜ್ಜೆ ಓಡಿ, ತಟ್ಟನೆ ನಿಂತು, ಕೆಸರಿನ ಮೇಲಿನ ಚಲನೆಯನ್ನು ಕಣ್ಣಿನಿಂದ ಗುರುತಿಸಿ ಕುಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳು ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚಿ ಚುಚ್ಚಿ ತಡಕುತ್ತ ನಡೆಯುತ್ತವೆ. ಇವುಗಳಲ್ಲಿ ಅನೇಕವಕ್ಕೆ ಕೊಕ್ಕಿನ ತುದಿಯಲ್ಲಿ ನರತಂತುಗಳು ದಟ್ಟವಾಗಿದ್ದು, ಕಾಣದ ಹುಳುವೂ ಅರಿವಿಗೆ ಬರುತ್ತದೆ.

ಪ್ಲವರ್‌ಗಳಲ್ಲಿ ಕೆಂಟಿಷ್ ಪ್ಲವರ್‌ಗೆ ಕುತ್ತಿಗೆಯ ಸುತ್ತ ಬಿಳಿ ಪಟ್ಟಿ ಪೂರ್ತಿಯಾಗಿದೆ, ಎದೆಯ ಪಟ್ಟಿ ಮಾತ್ರ ನಡುವೆ ತುಂಡಾಗಿದೆ. ಸ್ಯಾಂಡ್ ಪ್ಲವರ್‌ಗಳಿಗೆ ಹಿಂಗುತ್ತಿಗೆಯಲ್ಲಿ ಬಿಳಿ ಇಲ್ಲ. ಟಿಬೆಟನ್ ಸ್ಯಾಂಡ್ ಪ್ಲವರ್‌ನ ಕೊಕ್ಕು ಗಿಡ್ಡ, ಕಾಲು ಗಾಢ. ಗ್ರೇಟರ್ ಸ್ಯಾಂಡ್ ಪ್ಲವರ್‌ನ ಕೊಕ್ಕು ಉದ್ದ ಮತ್ತು ದಪ್ಪ, ಕಾಲುಗಳು ಉದ್ದವಾಗಿದ್ದು ಹಸಿರುಹಳದಿ ಛಾಯೆಯವು. ಎರಡೂ ಅಕ್ಕಪಕ್ಕ ನಿಂತಾಗ ನೋಡುವುದು ಈ ಭೇದವನ್ನು ಕಲಿಯುವ ಸುಲಭ ದಾರಿ. ಅವಕ್ಕಿಂತ ದೊಡ್ಡದಾದ ಗ್ರೇ ಪ್ಲವರ್ ಹಾರಿದಾಗ ರೆಕ್ಕೆಯ ಬುಡದಡಿಯಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಹೊಂಬಣ್ಣದ ಚುಕ್ಕೆಗಳ ಗೋಲ್ಡನ್ ಪ್ಲವರ್‌ಗೆ ಆ ಮಚ್ಚೆ ಇಲ್ಲ.

ಸ್ಯಾಂಡ್‌ಪೈಪರ್ ಬಳಗದಲ್ಲಿ ರೆಡ್‌ಶ್ಯಾಂಕ್‌ನ ಕಾಲು ಕಿತ್ತಳೆಗೆಂಪು, ಹಾರುವಾಗ ರೆಕ್ಕೆಯ ಹಿಂದಂಚು ಅಗಲವಾಗಿ ಬಿಳಿ. ಅಪಾಯ ಕಂಡರೆ ಮೊದಲು ಕೂಗೆಬ್ಬಿಸುವುದೂ ಹೆಚ್ಚಾಗಿ ಇದೇ. ಗ್ರೀನ್‌ಶ್ಯಾಂಕ್‌ನ ಕಾಲು ಹಸಿರು, ಕೊಕ್ಕು ತುಸು ಮೇಲಕ್ಕೆ ಬಾಗಿದೆ, ಮೂರು ಸ್ವರದ ಜೋರು ಕೂಗು ದೂರಕ್ಕೂ ಕೇಳುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್‌ಗೆ ಗಿಡ್ಡ ಹಳದಿ ಕಾಲು, ಉದ್ದವಾದ ಮೇಲ್ಬಾಗಿದ ಕೊಕ್ಕು. ಏಡಿಗಳ ಹಿಂದೆ ಅತ್ತಿತ್ತ ಓಡುವ ಗಡಿಬಿಡಿಯಿಂದಲೇ ಗೊತ್ತಾಗುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಕೊಕ್ಕು ಕೆಳಕ್ಕೆ ಬಾಗಿದೆ, ಹಾರುವಾಗ ಬಾಲದ ಮೇಲೆ ಬಿಳಿ ತೇಪೆ ಕಾಣುತ್ತದೆ. ಅಲೆಯ ಅಂಚಿನಲ್ಲೇ ಹಿಂದೆಮುಂದೆ ಓಡುವ ಬೆಳ್ಳಗಿನ ಸಣ್ಣ ಹಕ್ಕಿ ಸ್ಯಾಂಡರ್ಲಿಂಗ್, ಇದಕ್ಕೆ ಹಿಂಬೆರಳಿಲ್ಲ. ಕಲ್ಲು, ಚಿಪ್ಪು, ಕಡಲಕಸವನ್ನು ಕೊಕ್ಕಿನಿಂದ ಮಗುಚಿ ಹುಡುಕುವುದು ಟರ್ನ್‌ಸ್ಟೋನ್.

ವಿಂಬ್ರೆಲ್ ಮತ್ತು ಕರ್ಲ್ಯೂ ಎರಡಕ್ಕೂ ಕೆಳಬಾಗಿದ ಉದ್ದ ಕೊಕ್ಕಿದೆ. ಕರ್ಲ್ಯೂ ದೊಡ್ಡದು, ಕೊಕ್ಕು ಅತಿ ಉದ್ದ, ತಲೆಯಲ್ಲಿ ಪಟ್ಟಿಗಳಿಲ್ಲ. ವಿಂಬ್ರೆಲ್‌ನ ನೆತ್ತಿಯಲ್ಲಿ ಎರಡು ಗಾಢ ಪಟ್ಟಿಗಳಿದ್ದು, ನಡುವೆ ತಿಳಿ ಗೆರೆಯಿದೆ; ಒಂದೇ ಎತ್ತರದ ಸುಮಾರು ಏಳು ಸಿಳ್ಳೆಗಳ ಸರಣಿ ಇದರ ಕೂಗು. ವಿಂಬ್ರೆಲ್ ಏಡಿ ಹಿಡಿಯುವುದನ್ನು ನೋಡಿದರೆ ಕೊಕ್ಕಿನ ಬಾಗು ಯಾತಕ್ಕೆಂದು ಅರ್ಥವಾಗುತ್ತದೆ. ಹಕ್ಕಿ ನಿಧಾನವಾಗಿ ನಡೆಯುತ್ತ ಏಡಿಬಿಲವೊಂದರ ಬಳಿ ನಿಲ್ಲುತ್ತದೆ, ತಲೆ ಓರೆ ಮಾಡುತ್ತದೆ, ಕೊಕ್ಕನ್ನು ಬಿಲದ ತಿರುವಿಗೆ ತಕ್ಕಂತೆ ಹೊರಳಿಸುತ್ತ ಬುಡದವರೆಗೂ ಇಳಿಸುತ್ತದೆ. ಏಡಿ ಸಿಕ್ಕರೆ ಹೊರಗೆಳೆದು, ಜೋರಾಗಿ ಝಾಡಿಸಿ ಕಾಲು-ಕೊಂಬುಗಳನ್ನು ಉದುರಿಸುತ್ತದೆ. ಹತ್ತಿರದ ನೀರಿನಲ್ಲಿ ಅದ್ದಿ ಕೆಸರು ತೊಳೆದು, ಆಮೇಲೆ ಇಡಿಯಾಗಿ ನುಂಗುತ್ತದೆ.

ಗಲ್‌ಗಳಲ್ಲಿ ಹೆಚ್ಚು ಕಾಣುವುದು ಕಂದುತಲೆಯ ಗಲ್ ಮತ್ತು ಕಪ್ಪುತಲೆಯ ಗಲ್. ಶರತ್ಕಾಲಕ್ಕೆ ಎರಡರ ತಲೆಯೂ ಬೆಳ್ಳಗಾಗಿ ಕಿವಿಯ ಬಳಿ ಮಚ್ಚೆಯೊಂದು ಮಾತ್ರ ಉಳಿಯುವುದರಿಂದ ಹೆಸರು ನೆಚ್ಚಿ ಹುಡುಕುವಂತಿಲ್ಲ. ಕಂದುತಲೆಯದಕ್ಕೆ ರೆಕ್ಕೆಯ ತುದಿ ಅಗಲವಾಗಿ ಕಪ್ಪಾಗಿದ್ದು ಅದರೊಳಗೆ ಬಿಳಿ ಚುಕ್ಕೆಗಳಿವೆ, ವಯಸ್ಕ ಹಕ್ಕಿಯ ಕಣ್ಣು ತಿಳಿಬಣ್ಣ. ಕಪ್ಪುತಲೆಯದಕ್ಕೆ ರೆಕ್ಕೆಯ ಮುಂದಂಚು ಉದ್ದಕ್ಕೂ ಬಿಳಿ, ಕಣ್ಣು ಕಪ್ಪು. ಇವೆರಡಕ್ಕಿಂತ ಬಹಳ ದೊಡ್ಡದಾಗಿ, ಗಾಢ ಬೂದು ಬೆನ್ನಿನದಾಗಿ ಕಂಡರೆ ಅದು ಹ್ಯೂಗ್ಲಿನ್ಸ್ ಗಲ್ ಬಳಗದ್ದು. ಗಲ್ ಹಿಂಡುಗಳ ಜೊತೆಗೇ ನಿಲ್ಲುವ ಟರ್ನ್‌ಗಳನ್ನು ಕೊಕ್ಕಿನ ಬಣ್ಣದಿಂದ ಬೇರ್ಪಡಿಸಬಹುದು: ಲೆಸರ್ ಕ್ರೆಸ್ಟೆಡ್‌ದು ಕಿತ್ತಳೆ, ಗ್ರೇಟರ್ ಕ್ರೆಸ್ಟೆಡ್‌ದು ಹಸಿರುಹಳದಿ, ಸ್ಯಾಂಡ್‌ವಿಚ್‌ದು ಕಪ್ಪು ಕೊಕ್ಕಿಗೆ ಹಳದಿ ತುದಿ, ಗಲ್-ಬಿಲ್ಡ್‌ದು ಪೂರ್ತಿ ಕಪ್ಪು ಮತ್ತು ದಪ್ಪ, ಕ್ಯಾಸ್ಪಿಯನ್‌ದು ದೊಡ್ಡ ಕೆಂಪು ಕೊಕ್ಕು.

ಪರಿಕರ ಮತ್ತು ಬೆಳಕು

8×42 ಅಥವಾ 10×42 ಬೈನಾಕ್ಯುಲರ್ ಸಾಕು. ಮೊದಲ ಅಂಕೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಗಾಜಿನ ಅಗಲವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ. ಹೊಸಬರಿಗೆ 8×42 ಅನುಕೂಲ. ಕೈ ನಡುಗಿದರೂ ಚಿತ್ರ ಹೆಚ್ಚು ಅಲುಗದು, ನೋಟದ ಹರವೂ ಹೆಚ್ಚು. ಅಳಿವೆಯಲ್ಲಿ ಹಕ್ಕಿಗಳು ದೂರ ಇರುವುದರಿಂದ ಟ್ರೈಪಾಡ್ ಮೇಲಿಟ್ಟ 20–60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಗುಂಪಿಗೊಂದು ಇದ್ದರೆ ಬಹಳ ಉಪಯೋಗ. ಉಪ್ಪುಗಾಳಿಗೆ ಒಡ್ಡಿದ ಗಾಜನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಮೊದಲು ಮರಳಿನ ಕಣಗಳನ್ನು ಊದಿ ತೆಗೆದು, ಆಮೇಲೆ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕನ್ನಡದಲ್ಲೇ ಹಕ್ಕಿಗಳ ಪರಿಚಯ ಮಾಡಿಕೊಳ್ಳಲು ನೆರವಾಗುತ್ತದೆ. ದಡದ ಹಕ್ಕಿಗಳ ಸೂಕ್ಷ್ಮ ಭೇದಗಳಿಗೆ ಚಿತ್ರಗಳಿರುವ ಕೈಪಿಡಿಯೊಂದು ಜೊತೆಯಲ್ಲಿರಬೇಕು.

ಕರ್ನಾಟಕದ ಕಡಲು ಪಶ್ಚಿಮಕ್ಕಿದೆ. ಬೆಳಗ್ಗೆ ಕಡಲದಡದಲ್ಲಿ ಬಿಸಿಲು ನೋಡುವವರ ಬೆನ್ನಿಗಿರುವುದರಿಂದ ಹಕ್ಕಿಯ ಬಣ್ಣ ಸ್ಪಷ್ಟ. ಸಂಜೆ ಅದೇ ಜಾಗದಲ್ಲಿ ಬರಿಯ ಕಪ್ಪು ಆಕೃತಿಗಳು ಕಾಣುತ್ತವೆ. ಸಂಜೆಯಾದರೆ ಬೆಂಗ್ರೆಯ ಮೇಲೆ ನಿಂತು ಪೂರ್ವಕ್ಕೆ, ಹೊಳೆಯ ಒಳಭಾಗದ ಕಡೆ ನೋಡುವುದು ಸರಿ. ಅಕ್ಟೋಬರ್‌ನ ಬಿಸಿಲಿಗೆ ಹತ್ತು ಗಂಟೆಯ ನಂತರ ಮರಳಿನ ಮೇಲೆ ಬಿಸಿಗಾಳಿ ಅಲೆಯಾಡಿ ಸ್ಕೋಪಿನಲ್ಲೂ ಚಿತ್ರ ಮಸುಕಾಗುತ್ತದೆ. ಆ ಹೊತ್ತಿಗೆ ಹತ್ತಿರದ ಹಕ್ಕಿಗಳನ್ನಷ್ಟೇ ನೋಡುವುದು ಒಳಿತು.

ಅಂತರ, ಸುರಕ್ಷತೆ

ಉಬ್ಬರದ ಹೊತ್ತಿನಲ್ಲಿ ಒತ್ತಾಗಿ ನಿಂತ ಹಿಂಡನ್ನು ಎಬ್ಬಿಸಬಾರದು. ಹಾರುವ ಹಿಂಡಿನ ಚಿತ್ರಕ್ಕಾಗಿ ಓಡಿ ಎಬ್ಬಿಸುವುದು, ಡ್ರೋನ್ ಹಾರಿಸುವುದು, ನಾಯಿ ಬಿಡುವುದು, ಮರಳಿನ ಮೇಲೆ ಗಾಡಿ ಓಡಿಸುವುದು ಇವೆಲ್ಲ ಹಕ್ಕಿ ಕಷ್ಟಪಟ್ಟು ಕೂಡಿಟ್ಟ ಕೊಬ್ಬನ್ನು ಸುಡಿಸುತ್ತವೆ. ಸಾವಿರಾರು ಕಿ.ಮೀ. ಹಾರಿ ಬಂದ, ಇನ್ನೂ ಮುಂದೆ ಹೋಗಬೇಕಾದ ಹಕ್ಕಿಗೆ ಆ ನಷ್ಟ ದೊಡ್ಡದು. ಹಕ್ಕಿಗಳು ಮುನ್ಸೂಚನೆ ಕೊಡುತ್ತವೆ: ನಿದ್ದೆಯಲ್ಲಿದ್ದವು ಕೊಕ್ಕನ್ನು ಗರಿಯಿಂದ ಹೊರತೆಗೆಯುತ್ತವೆ, ಒಂಟಿಗಾಲಿನಲ್ಲಿ ನಿಂತವು ಎರಡನೆಯ ಕಾಲು ಊರುತ್ತವೆ, ಕತ್ತು ನೀಳವಾಗುತ್ತದೆ, ಇಡೀ ಹಿಂಡು ಒಂದೇ ದಿಕ್ಕಿಗೆ ನಡೆಯತೊಡಗುತ್ತದೆ. ಇಷ್ಟು ಕಂಡರೆ ಅಲ್ಲೇ ನಿಂತು ಹಿಂದಕ್ಕೆ ಸರಿಯಬೇಕು. ಖಚಿತ ಅಂತರ ಗೊತ್ತಿಲ್ಲದಿದ್ದರೆ ತಂಗಿದ ಹಿಂಡಿನಿಂದ ನೂರು ಮೀಟರಿಗಿಂತ ಹೆಚ್ಚು ದೂರ ಉಳಿಯುವುದು ಒಳ್ಳೆಯ ರೂಢಿ.

ಅಳಿವೆಯ ಅಪಾಯಗಳೂ ಉಬ್ಬರದ ಲೆಕ್ಕಕ್ಕೇ ಸೇರಿದವು. ಇಳಿತದಲ್ಲಿ ನಡೆದು ಹೋದ ಮರಳದಿಣ್ಣೆ ಉಬ್ಬರಕ್ಕೆ ನಡುಗಡ್ಡೆಯಾಗಬಹುದು; ಆದ್ದರಿಂದ ಮರಳುವ ವೇಳೆಯನ್ನು ಮೊದಲೇ ನಿಗದಿ ಮಾಡಿಕೊಳ್ಳಬೇಕು. ಅಳಿವೆಬಾಗಿಲಿನ ಸೆಳೆತ ಬಲವಾದದ್ದು, ಅಲ್ಲಿ ನೀರಿಗಿಳಿಯಬಾರದು. ಮೆತ್ತನೆಯ ಕೆಸರಿನಲ್ಲಿ ಒಬ್ಬರೇ ಇಳಿಯುವುದೂ ಬೇಡ. ಹಿಂಗಾರಿನ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲು ಸಾಮಾನ್ಯವಾದ್ದರಿಂದ ಮೋಡ ಕಟ್ಟಿದ ಕೂಡಲೇ ಬಯಲಿನಿಂದ ಹೊರಬರಬೇಕು. ದೋಣಿಯಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ಕಡ್ಡಾಯ. ಅಳಿವೆ ಎಂದರೆ ಮೀನುಗಾರರ, ಬೆಳಚು ಆರಿಸುವ ಹೆಂಗಸರ ದುಡಿಮೆಯ ಜಾಗವೂ ಹೌದು. ಅವರ ಬಲೆ ತುಳಿಯದೆ, ಗಜನಿ ಕಟ್ಟೆಗೆ ಹೋಗುವ ಮುನ್ನ ಕೇಳಿ ಹೋಗುವುದು ಮರ್ಯಾದೆ. ಯಾವ ಹಕ್ಕಿ ಯಾವಾಗ ಎಲ್ಲಿ ಕೂರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮಳೆಗಾಲದ ಕೊನೆಯ ಬಿರುಗಾಳಿಗೆ ಸಿಕ್ಕ ಬ್ರೈಡಲ್ಡ್ ಟರ್ನ್‌ನಂಥ ನಡುಗಡಲ ಹಕ್ಕಿಗಳು ಬಳಲಿ ದಡಕ್ಕೆ ಬಂದು ಬೀಳುವುದುಂಟು. ಅವನ್ನು ಮತ್ತೆ ಕಡಲಿಗೆ ಎಸೆಯಬಾರದು, ಬಾಯಿಗೆ ನೀರು-ಆಹಾರ ತುರುಕಬಾರದು. ಬಟ್ಟೆ ಹಾಸಿದ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ಸದ್ದಿಲ್ಲದ ಕಡೆ ಇರಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು.

ಲೆಕ್ಕ ಮತ್ತು ದಾಖಲೆ

ನೋಡಿದ್ದನ್ನು ಬರೆದಿಟ್ಟರೆ ಮಾತ್ರ ಅದರಿಂದ ಮುಂದಿನವರಿಗೆ ಉಪಯೋಗ. ದಿನಾಂಕ, ಜಾಗ, ವೇಳೆ, ನೀರಿನ ಸ್ಥಿತಿ, ಪ್ರಭೇದ, ಸಂಖ್ಯೆ, ಹಕ್ಕಿ ಮೇಯುತ್ತಿತ್ತೋ ತಂಗಿತ್ತೋ, ಇಷ್ಟು ಸಾಕು. ದೊಡ್ಡ ಹಿಂಡನ್ನು ಎಣಿಸಲು ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಆವರಿಸಿದ ಜಾಗವನ್ನು ಕಣ್ಣಳತೆಗೆ ತೆಗೆದುಕೊಂಡು, ಹಿಂಡಿನಲ್ಲಿ ಅಂಥ ಎಷ್ಟು ತುಂಡುಗಳಿವೆ ಎಂದು ನೋಡಬೇಕು. ಗುರುತು ಸಿಗದಿದ್ದರೆ ‘ಗುರುತಾಗದ ಸಣ್ಣ ದಡದ ಹಕ್ಕಿ’ ಎಂದೇ ಬರೆಯುವುದು ಪ್ರಾಮಾಣಿಕ. ಊಹೆಯ ಹೆಸರು ದಾಖಲೆಯನ್ನು ಕೆಡಿಸುತ್ತದೆ. ಇ-ಬರ್ಡ್ ತಾಣಕ್ಕೆ ಪಟ್ಟಿ ಸೇರಿಸಿದರೆ ಅದು ವಿಜ್ಞಾನಿಗಳ ಕೈಸೇರುತ್ತದೆ. 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಶರತ್ಕಾಲದಲ್ಲಿ ಅಭ್ಯಾಸ ಮಾಡಿದವರು ಅದರಲ್ಲಿ ಪಾಲ್ಗೊಳ್ಳಬಹುದು. ಕಾಲಿನಲ್ಲಿ ಲೋಹದ ಬಳೆ ಅಥವಾ ಬಣ್ಣದ ಪಟ್ಟಿಯಿರುವ ಹಕ್ಕಿ ಕಂಡರೆ ಯಾವ ಕಾಲು, ಯಾವ ಬಣ್ಣ, ಯಾವ ಅಕ್ಷರ-ಅಂಕೆ ಎಂದು ಬರೆದುಕೊಂಡು, ಸಾಧ್ಯವಾದರೆ ಚಿತ್ರ ತೆಗೆದು, ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು. ಹಕ್ಕಿಯ ಪಯಣದ ವಿವರ ಸಿಗುವುದು ಇಂಥ ಮಾಹಿತಿಯಿಂದಲೇ.

ಈ ದಾಖಲೆಗಳಿಗೆ ಇಂದು ಹೆಚ್ಚಿನ ಬೆಲೆಯಿದೆ. 2024ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಕೆಂಪುಪಟ್ಟಿಯನ್ನು ಪರಿಷ್ಕರಿಸಿದಾಗ ಗ್ರೇ ಪ್ಲವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳನ್ನು ಅಪಾಯಕ್ಕೀಡಾದ ಪ್ರಭೇದಗಳ ಸಾಲಿಗೆ, ಡನ್ಲಿನ್ ಮತ್ತು ಟರ್ನ್‌ಸ್ಟೋನ್‌ಗಳನ್ನು ಅಪಾಯದ ಅಂಚಿನವುಗಳ ಸಾಲಿಗೆ ಸೇರಿಸಲಾಯಿತು. ಕೆಲ ವರ್ಷಗಳ ಹಿಂದೆ ಇವೆಲ್ಲ ಸಾಮಾನ್ಯ ಹಕ್ಕಿಗಳೆನಿಸಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಈ ಹಕ್ಕಿಗಳ ಬೇಟೆಯನ್ನು ನಿಷೇಧಿಸಿದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಕಾಂಡ್ಲಾ ಕಾಡು ಮತ್ತು ಕೆಸರುಬಯಲುಗಳನ್ನು ಅತಿ ಸೂಕ್ಷ್ಮ ಪ್ರದೇಶಗಳೆಂದು ಗುರುತಿಸಿವೆ. ಆದರೂ ಕೆಸರುಬಯಲನ್ನು ಪಾಳುಜಾಗವೆಂದು ತಿಳಿದು ಮಣ್ಣು ತುಂಬುವ, ಕಸ ಸುರಿಯುವ ರೂಢಿ ನಿಂತಿಲ್ಲ. ಇಂಥಲ್ಲಿ ಹಕ್ಕಿಗಳು ಪ್ರತಿವರ್ಷ ಬಂದು ತಂಗುತ್ತವೆ ಎನ್ನುವುದಕ್ಕೆ ಊರಿನವರೇ ಬರೆದಿಟ್ಟ ಲೆಕ್ಕಕ್ಕಿಂತ ಬಲವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಕರಾವಳಿಯ ಪ್ರತಿ ಅಳಿವೆಗೂ ಅಂಥ ಲೆಕ್ಕ ಇಡುವ ಒಂದಿಬ್ಬರಾದರೂ ಬೇಕಾಗಿದ್ದಾರೆ. ಈ ಶರತ್ಕಾಲದಲ್ಲಿ ಓದುಗರು ತಮ್ಮ ಊರಿನ ಅಳಿವೆಯಿಂದಲೇ ಆ ಕೆಲಸವನ್ನು ಆರಂಭಿಸಬಹುದು.